ಬೆನ್ನ ಮೇಲಿನ ಮಗು

ಕಕ್ಕಡದ ಮಳೆ ಹಿಡಿದ ಮಡಿಕೇರಿಯಲ್ಲಿ, ಮಂಜಿಳಿದು ಎದುರುಮನೆಯೇ ಕಾಣದ ಒಂದು ಸಂಜೆ, ಜಪಾನಿನ ನತ್ಸುಮೆ ಸೋಸೆಕಿಯ ‘ಹತ್ತು ರಾತ್ರಿಗಳ ಕನಸು’ಗಳನ್ನು ಇಂಗ್ಲಿಷ್ ಅನುವಾದದಲ್ಲಿ ಮತ್ತೆ ಓದಿದೆ. 1908ರಲ್ಲಿ ‘ಅಸಾಹಿ’ ದಿನಪತ್ರಿಕೆಯಲ್ಲಿ ಬಂದ ಪುಟ್ಟ ಕಥೆಗಳಿವು.

ಮೂರನೆಯ ರಾತ್ರಿಯದು ಮರೆಯಲಾಗದ್ದು. ಒಬ್ಬಾತ ಆರು ವರ್ಷದ ಕುರುಡು ಮಗನನ್ನು ಬೆನ್ನಿಗೆ ಹೊತ್ತು ಇರುಳಲ್ಲಿ ನಡೆದಿದ್ದಾನೆ. ಗದ್ದೆಗೆ ಬಂದೆವೆಂದು ಮಗುವೇ ಹೇಳುತ್ತದೆ. ಹೇಗೆ ತಿಳಿಯಿತೆಂದರೆ ಕೊಕ್ಕರೆಯ ಕೂಗಿನಿಂದ ಎನ್ನುತ್ತದೆ. ಕೊಕ್ಕರೆ ಕೂಗುವುದು ಆಮೇಲೆ! ಕೊನೆಗೆ ಕಾಡಿನ ಮರವೊಂದರ ಬುಡದಲ್ಲಿ, ನೂರು ವರ್ಷದ ಹಿಂದೆ ತನ್ನನ್ನು ಕೊಂದವನು ಈತನೇ ಎಂದು ಮಗು ನೆನಪಿಸುತ್ತದೆ. ಅದು ಹೇಳುವ ವರ್ಷ 1808. ಕಥೆ ಅಚ್ಚಾದದ್ದು ಸರಿಯಾಗಿ ನೂರು ವರ್ಷಕ್ಕೆ. ಕೊಂದದ್ದು ನೆನಪಾದೊಡನೆ ಬೆನ್ನಿನ ಮಗು ಕಲ್ಲಿನ ವಿಗ್ರಹದಷ್ಟು ಭಾರ.

ಇದು ಕನಸೋ ನಿಜವೋ ಎಂದು ಕೇಳುವವರಿದ್ದಾರೆ. ಕೊಡಗಿನವರು ಕೇಳಬೇಕಾಗಿಲ್ಲ. ಕೈಮಡದೆದುರು ಕಾರಣನ ತೆರೆ ಕಟ್ಟಿದವನ ಬಾಯಲ್ಲಿ ಸತ್ತ ಹಿರಿಯ ಮಾತಾಡುವಾಗ ಆ ಪ್ರಶ್ನೆ ಏಳುವುದಿಲ್ಲ. ಆದರೆ ಹೋಲಿಕೆಯನ್ನು ಅಷ್ಟಕ್ಕೇ ಬಿಟ್ಟರೆ ಅದು ಅಗ್ಗದ ವಿಮರ್ಶೆಯಾದೀತು. ಕಾರಣನ ಮಾತಿಗೆ ಇಡೀ ಒಕ್ಕ ಕಿವಿಗೊಡುತ್ತದೆ. ಸೋಸೆಕಿಯ ತಂದೆಗೆ ಒಕ್ಕವಿಲ್ಲ, ಕೇಳುವ ಕಿವಿ ಅವನದೊಂದೇ. ನನಗೆ ಹೆದರಿಕೆಯಾದದ್ದು ಅಲ್ಲಿ.

ಹರುಕಿ ಮುರಾಕಾಮಿಯ 2002ರ ‘ಕಾಫ್ಕಾ ಆನ್ ದ ಶೋರ್’ನಲ್ಲಿ ಆಕಾಶದಿಂದ ಮೀನು ಸುರಿಯುತ್ತವೆ. ಬೆರಗಾದೆ, ಒಪ್ಪೋಣ, ಅಂಗಿ ಮಾತ್ರ ಒದ್ದೆಯಾಗಲಿಲ್ಲ. ಸೋಸೆಕಿಯ ಹತ್ತೂ ಒಂದೇ ತೂಕದವಲ್ಲ. ಹಂದಿಗಳ ಹಿಂಡು ನುಗ್ಗುವ ಕೊನೆಯದು ಬರಿಯ ಚೇಷ್ಟೆಯೆನಿಸಿತು. ಮೂರನೆಯದನ್ನು ಮಾತ್ರ ರಾತ್ರಿ ಮಲಗುವ ಮುನ್ನ ಇನ್ನೊಮ್ಮೆ ಓದುವ ಧೈರ್ಯವಾಗಲಿಲ್ಲ.