ಅಲೆಗಾಗಿ ಕಾಯುವ ಸಂಗೀತ

ಹಲಗೆಯ ಮೇಲೆ ನಿಂತು ಕಡಲಲೆಯನ್ನೇರಿ ಸಾಗುವ ಸರ್ಫಿಂಗ್ ಕ್ರೀಡೆಗೆ ತನ್ನದೇ ಆದ ಚಲನಚಿತ್ರ ಪರಂಪರೆಯೊಂದಿದೆ ಎಂಬುದು ನಮ್ಮಲ್ಲಿ ಅಷ್ಟಾಗಿ ತಿಳಿದ ಸಂಗತಿಯಲ್ಲ. ಐವತ್ತು, ಅರವತ್ತರ ದಶಕಗಳಲ್ಲಿ ಕ್ಯಾಲಿಫೋರ್ನಿಯಾದ ಬ್ರೂಸ್ ಬ್ರೌನ್‌ನಂಥ ನಿರ್ದೇಶಕರು ತಾವೇ ಚಿತ್ರೀಕರಿಸಿದ ಸುರುಳಿಗಳನ್ನು ಹೊತ್ತು ಕರಾವಳಿಯ ಊರೂರು ತಿರುಗುತ್ತಿದ್ದರು; ಶಾಲೆಗಳ ಸಭಾಂಗಣಗಳಲ್ಲಿ ತೆರೆ ಕಟ್ಟಿ, ಚಿತ್ರ ಓಡುತ್ತಿದ್ದಂತೆ ತಾವೇ ವಿವರಣೆ ಹೇಳುತ್ತಿದ್ದರು. ಗಂಟುಮೂಟೆಯೊಡನೆ ಬಯಲಿನಿಂದ ಬಯಲಿಗೆ ಸಾಗುವ ಯಕ್ಷಗಾನ ಮೇಳಗಳನ್ನು ಕಂಡ ಕಾಸರಗೋಡಿನವರಿಗೆ ಈ ತಿರುಗಾಟ ಅಪರಿಚಿತವೆನಿಸದು.

ಈ ಚಿತ್ರಗಳಿಗೆ ಎಂಥ ಸಂಗೀತ ಒಪ್ಪುತ್ತದೆ? 'ಸರ್ಫ್ ಸಂಗೀತ' ಎಂದೊಡನೆ ಅನೇಕರಿಗೆ ನೆನಪಾಗುವುದು ಡಿಕ್ ಡೇಲ್‌ನ ಅಬ್ಬರದ ವಿದ್ಯುತ್ ಗಿಟಾರ್. 1962ರ ಅವನ 'ಮಿಸರ್ಲೂ' ಅಲೆಯನ್ನು ಕುರಿತು ಹೇಳುವುದಿಲ್ಲ, ತಾನೇ ಅಲೆಯಾಗಲು ಹವಣಿಸುತ್ತದೆ. ಆದರೆ ಸರ್ಫರನ ಹೊತ್ತಿನ ಬಹುಪಾಲು ಅಲೆಯ ಮೇಲೆ ಕಳೆಯುವುದಿಲ್ಲ. ನೀರಿನ ನಡುವೆ ಹಲಗೆಯ ಮೇಲೆ ಕುಳಿತು ದಿಗಂತವನ್ನು ನೋಡುವುದರಲ್ಲೇ ಸಂದುಹೋಗುತ್ತದೆ. ಆ ಕಾಯುವಿಕೆಗೂ ಒಂದು ಸಂಗೀತ ಬೇಕಿತ್ತು. ಸದ್ದಿಲ್ಲದ ಮರದ ಗಿಟಾರ್ ಒದಗಿಸಿದ್ದು ಅದನ್ನು.

ಇದಕ್ಕೆ ನಾನು ಮೊದಲು ಹೆಸರಿಸುವುದು ಆಸ್ಟ್ರೇಲಿಯಾದ ಆಲ್ಬರ್ಟ್ ಫಾಲ್ಜನ್ ನಿರ್ದೇಶಿಸಿದ 'ಮಾರ್ನಿಂಗ್ ಆಫ್ ದಿ ಅರ್ತ್' (1972) ಚಿತ್ರವನ್ನು. ಅದರಲ್ಲಿ ನಿರೂಪಣೆಯ ಮಾತಿಲ್ಲ. ಬಾಲಿಯ ಉಲುವಾಟುವಿನ ಬಂಡೆಗಳ ಕೆಳಗೆ ಅಲೆಗಳು ಸುರುಳಿ ಬಿಚ್ಚುವಾಗ ಕಥೆ ಹೇಳುವ ಭಾರವೆಲ್ಲ ಹಾಡುಗಳ ಮೇಲೆಯೇ ಬೀಳುತ್ತದೆ. ಹಾಡುಗಳಾದರೋ ಆ ಭಾರವನ್ನು ಹೊರಲು ಅವಸರಪಡುವುದಿಲ್ಲ. ಚಿತ್ರಕ್ಕೆ ಎಡೆಬಿಟ್ಟು ಹಿಂದೆ ಸರಿದು ನಿಲ್ಲುತ್ತವೆ. ಈ ಹಿಂಜರಿಕೆಯೇ ಈ ಪ್ರಕಾರದ ನಿಜವಾದ ಕಲೆ.

ಇದೇ ಗುಣವನ್ನು ಜಗತ್ತಿಗೆ ಪರಿಚಯಿಸಿದವನು ಹವಾಯಿಯ ಜ್ಯಾಕ್ ಜಾನ್ಸನ್. 1975ರಲ್ಲಿ ಹುಟ್ಟಿ, ಓಅಹು ದ್ವೀಪದ ಉತ್ತರ ತೀರದಲ್ಲಿ ಬೆಳೆದವನು. ಹದಿನೇಳರ ಹರೆಯದಲ್ಲಿ ಪೈಪ್‌ಲೈನ್ ಎಂಬ ಭಯಂಕರ ಅಲೆಯಲ್ಲಿ ಬಿದ್ದು, ಹವಳದ ದಿಬ್ಬಕ್ಕೆ ಮುಖ ಬಡಿದು, ನೂರಕ್ಕೂ ಹೆಚ್ಚು ಹೊಲಿಗೆ ಹಾಕಿಸಿಕೊಂಡ. ಸಾಂತಾ ಬಾರ್ಬರಾದಲ್ಲಿ ಚಲನಚಿತ್ರ ಕಲೆ ಓದಿ, ಮಲಾಯ್ ಬಂಧುಗಳೊಡನೆ 'ಥಿಕರ್ ದ್ಯಾನ್ ವಾಟರ್' (2000) ಚಿತ್ರ ಮಾಡಿದ. ಅಂದರೆ ಅವನು ಗಾಯಕನಾಗಿ ಪ್ರಸಿದ್ಧನಾಗುವ ಮೊದಲು ಕ್ಯಾಮೆರಾ ಹಿಡಿದವನು. ದೃಶ್ಯಕ್ಕೆ ಎಷ್ಟು ನಾದ ಸಾಕು ಎಂಬುದನ್ನು ಸಂಕಲನದ ಮೇಜಿನ ಮುಂದೆ ಬಲ್ಲವನು. ಅಂಗೈಯಿಂದ ತಂತಿಯನ್ನು ಅದುಮಿ ಮೀಟುವ ಲಯ, ಎಂದೂ ಏರದ ಕಂಠ, ಮಿತವಾದ ತಾಳ. ಇವು ಬಡತನವಲ್ಲ, ಸಂಯಮ.

ಆದರೆ ಸಂಯಮ ಚಾಳಿಯಾಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ದೃಶ್ಯವಿಲ್ಲದೆ, ಕಡಲಿಲ್ಲದೆ, ಕಾಫಿ ಅಂಗಡಿಯ ಹಿನ್ನೆಲೆಯಲ್ಲಿ ಒಂದರ ಹಿಂದೊಂದು ಕೇಳಿದಾಗ ಅವನ ಹಾಡುಗಳು ಒಂದೇ ಹಾಡೆನಿಸುತ್ತವೆ. 2006ರಲ್ಲಿ 'ಕ್ಯೂರಿಯಸ್ ಜಾರ್ಜ್' ಎಂಬ ಮಕ್ಕಳ ಚಿತ್ರಕ್ಕೆ ಮಾಡಿದ ಸಂಗೀತ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಅಲ್ಲಿ ಅದು ಒಪ್ಪುತ್ತದೆ, ಜೋಗುಳಕ್ಕೆ ಬಿರುಗಾಳಿ ಬೇಡ. ಕಡಲಿನ ಹಾಡಿಗೆ? ಅವನ ಮುಖಕ್ಕೆ ಗಾಯ ಮಾಡಿದ ಆ ಹವಳದ ದಿಬ್ಬ ಅವನ ಸ್ವರದಲ್ಲಿ ಎಲ್ಲಿಯೂ ತಗಲುವುದಿಲ್ಲ. ಆಟಿ ತಿಂಗಳಲ್ಲಿ ತೆಂಗಿನ ತೋಟವನ್ನೇ ನುಂಗುವ ಕಡಲ ಅಂಚಿನಲ್ಲಿ ಬೆಳೆದ ನನ್ನ ಕಿವಿಗೆ ಈ ನಿರಂತರ ಶಾಂತಿ ಅರೆಸತ್ಯವಾಗಿ ಕೇಳಿಸುತ್ತದೆ. ಅವನ ನಡತೆಯ ಬಗೆಗೆ ನನ್ನ ತಕರಾರಿಲ್ಲ. ಹವಾಯಿಯ ಮಕ್ಕಳಿಗೆ ಪರಿಸರ ಶಿಕ್ಷಣ ನೀಡಲು 2003ರಲ್ಲಿ ಪತ್ನಿಯೊಡನೆ ಸಂಸ್ಥೆ ಕಟ್ಟಿದವನು, ಪ್ರವಾಸದ ಕಛೇರಿಗಳ ಲಾಭವನ್ನು ದಾನಕ್ಕೆ ಮೀಸಲಿಟ್ಟವನು. ಸಜ್ಜನಿಕೆ ಬೇರೆ, ಸ್ವರ ಬೇರೆ.

ಅವನನ್ನು ಕೇಳಬೇಕಾದದ್ದು 'ಥಿಕರ್ ದ್ಯಾನ್ ವಾಟರ್' ಚಿತ್ರದ ಧ್ವನಿಮುದ್ರಿಕೆಯಲ್ಲಿ. 2003ರಲ್ಲಿ ಹೊರಬಂದ ಅದರಲ್ಲಿ ಅವನದು ಕೆಲವೇ ಹಾಡು. ಜೊತೆಯಲ್ಲಿ ನ್ಯೂ ಆರ್ಲಿಯನ್ಸಿನ ದಿ ಮೀಟರ್ಸ್ ತಂಡದ ಗಟ್ಟಿ ಲಯವಿದೆ. ಆಶ್ಚರ್ಯವೆಂಬಂತೆ ಮುಂಬಯಿಯ ಕಲ್ಯಾಣ್‌ಜಿ–ಆನಂದ್‌ಜಿ ಅವರ ಒಂದು ತುಣುಕೂ ಇದೆ. ಹಿಂದಿ ಚಿತ್ರಗಳ ಆ ನಾದ ಮುಗಿದ ಮೇಲೆ ಈ ಹವಾಯಿಯವನ ಗಿಟಾರ್ ಮತ್ತೆ ಬಂದಾಗ, ಅದು ಬೇಸರ ತರಿಸುವುದಿಲ್ಲ; ದೊಡ್ಡ ಅಲೆಯೊಂದು ದಾಟಿಹೋದ ಬಳಿಕದ ನೀರಿನಂತೆ ಕೇಳಿಸುತ್ತದೆ.