ಪ್ರತಿನಾಯಕನ ಪಕ್ಷ: ರಸಿಕರಿಗೊಂದು ಕೈಪಿಡಿ

ಪುರಾಣಕಥೆಯನ್ನು ಖಳನ ಪಕ್ಷದಿಂದ ಹೇಳುವುದು ಈಚಿನವರ ಚಮತ್ಕಾರವೆಂದು ಭಾವಿಸಿ, ಅದನ್ನು ಮೆಚ್ಚುವುದಕ್ಕೋ ಹಳಿಯುವುದಕ್ಕೋ ಹೊರಡುವ ಹೊಸ ಓದುಗನು ಮೊದಲು ನೆನೆಯತಕ್ಕುದೇನೆಂದರೆ, ಆದಿಕವಿಯ ಕಿಷ್ಕಿಂಧಾಕಾಂಡದಲ್ಲಿಯೇ ಬಾಣ ನಾಟಿ ಬಿದ್ದ ವಾಲಿಯು ಶ್ರೀರಾಮನನ್ನು ಧರ್ಮದ ಹೆಸರಿನಲ್ಲಿಯೇ ಪ್ರಶ್ನಿಸಿದ್ದಾನೆ. ಭಾಸನ ಊರುಭಂಗದಲ್ಲಿ ತೊಡೆಯುಡಿದು ಬಿದ್ದ ದುರ್ಯೋಧನನಿಗೆ, ಎಂದಿನಂತೆ ತೊಡೆಯೇರಲು ಬಂದ ಎಳೆಯ ಮಗ ದುರ್ಜಯನನ್ನು ತಡೆಯಬೇಕಾಗಿ ಬಂದಿದೆ. ಖಳನಿಗೆ ದನಿ ಕೊಡುವುದರಲ್ಲಿ ನಮ್ಮ ಪೂರ್ವಕವಿಗಳು ಜಿಪುಣರಲ್ಲ.

ಕನ್ನಡಿಗನು ಈ ರಸವನ್ನು ಅರಿಯಲು ರನ್ನನ ಗದಾಯುದ್ಧಕ್ಕಿಂತ ಉತ್ತಮವಾದ ಪ್ರವೇಶದ್ವಾರವಿಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿ ಬಾಳಿದ ಈ ಕವಿಯು ತನ್ನ ಒಡೆಯನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಕಾವ್ಯವನ್ನು ಕಟ್ಟಿದನಾದರೂ, ಓದಿ ಮುಗಿಸಿದವನ ಚಿತ್ತದಲ್ಲಿ ನಿಲ್ಲುವವನು ಕುರುಪತಿ ದುರ್ಯೋಧನನೇ. ಸಂಜಯನೊಡನೆ ರಣರಂಗದ ಹೆಣಗಳ ನಡುವೆ ನಡೆಯುವ ಭಾಗವನ್ನು ಗಟ್ಟಿಯಾಗಿ, ಅರ್ಥ ತಿಳಿಯದೆಡೆ ಗದ್ಯಾನುವಾದದ ನೆರವನ್ನು ಸಂಕೋಚವಿಲ್ಲದೆ ಪಡೆದು, ಓದಿರಿ. ಅಲ್ಲಿ ಅವನು ಶತ್ರುಪುತ್ರನಾದ ಅಭಿಮನ್ಯುವಿಗೆ ಕೈಮುಗಿದು ಅಂಥ ಸಾಹಸದ ಒಂದಂಶವಾದರೂ ಕೂಡಿದ ಮರಣವನ್ನು ಬೇಡುತ್ತಾನೆ. ತಂದೆಗೆ ತರ್ಪಣ ಕೊಡಬೇಕಾದ ಮಗನು ಕ್ರಮವನ್ನು ತಲೆಕೆಳಗು ಮಾಡಿದನೆಂದು ಲಕ್ಷಣಕುಮಾರನ ಮುಂದೆ ಕೊರಗುತ್ತಾನೆ. ಶರಶಯ್ಯೆಯಲ್ಲಿದ್ದ ಭೀಷ್ಮನು ಸಂಧಿಯ ಮಾತೆತ್ತಿದಾಗಲೋ, ತಾನು ಕಾದುವುದು ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಎಂದುಬಿಡುತ್ತಾನೆ.

ಆದರೆ ಇಲ್ಲಿ ಕರಗಿ ಹೋದ ಓದುಗನು ಒಮ್ಮೆ ಹಿಂದಿರುಗಿ ಕಾವ್ಯದ ಆರಂಭವನ್ನು ನೋಡಬೇಕು. ಕುರುಪತಿಯ ದುಃಖಕ್ಕೆ ನಮ್ಮನ್ನು ಕರೆದೊಯ್ಯುವ ಮೊದಲೇ ರನ್ನನು ಮುಡಿಕಟ್ಟದ ದ್ರೌಪದಿಯನ್ನು ತಂದು, ಭೀಮನಿಗೆ ಪ್ರತಿಜ್ಞೆಯನ್ನು ನೆನಪಿಸುವಂತೆ ಮಾಡಿದ್ದಾನೆ. ಅಪರಾಧವು ಮೊದಲು, ಅನುಕಂಪವು ಆಮೇಲೆ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ನನ್ನ ಮಟ್ಟಿಗೆ ಈ ಪ್ರಕಾರದ ಒರೆಗಲ್ಲು ಇದೇ. ಖಳನ ತಪ್ಪನ್ನು ಪರರ ಸಂಚೆಂದು ತೇಲಿಸಿ, ನಾಯಕನನ್ನು ಕುಗ್ಗಿಸಿ ಪ್ರತಿನಾಯಕನನ್ನು ಎತ್ತರಿಸುವ ಕೃತಿಯು ವಕೀಲನ ವಾದಪತ್ರವಾಗಬಹುದು, ಕಾವ್ಯವಾಗಲಾರದು. ಈಚೆಗೆ ಬರುವ ಅನೇಕ ಕಾದಂಬರಿಗಳ ಬಗೆಗೆ ನನ್ನ ಆಕ್ಷೇಪವೂ ಅಷ್ಟೆ. ರನ್ನನ ಕಾವ್ಯಕ್ಕೇ ಮರಳುವುದಾದರೆ, ೧೯೨೬ರ ತಮ್ಮ ‘ಗದಾಯುದ್ಧ ನಾಟಕಂ’ನಲ್ಲಿ ಬಿ. ಎಂ. ಶ್ರೀಕಂಠಯ್ಯನವರು ರನ್ನನ ಪದ್ಯಗಳನ್ನೇ ಗ್ರೀಕ್ ರುದ್ರನಾಟಕದ ದೃಷ್ಟಿಯಿಂದ ಹೊಂದಿಸಿದರು. ಆ ಕಾವ್ಯವನ್ನೂ ಈ ನಾಟಕವನ್ನೂ ಎದುರಿಗಿಟ್ಟು ಓದುವುದು ಒಳ್ಳೆಯ ಅಭ್ಯಾಸ.

ರನ್ನನ ಕುರುಪತಿಯಿಂದ ಮುಂದೆ ಹೋಗಿ ಜೈನಕವಿ ನಾಗಚಂದ್ರನ ರಾವಣನನ್ನು ಓದುವವರು ಜೈನ ರಾಮಾಯಣಗಳ ಪರಂಪರೆಯನ್ನು ಅರಿತಿರಬೇಕು. ಅಲ್ಲಿ ಅವನು ರಾಕ್ಷಸನಲ್ಲ, ವಿದ್ಯಾಧರ. ಒಲ್ಲದ ಹೆಣ್ಣನ್ನು ಮುಟ್ಟೆನೆಂಬ ವ್ರತವುಳ್ಳವನು. ಸೀತೆಯ ಮೂರ್ಛೆಯನ್ನು ಕಂಡು ಮನಸ್ಸು ತಿರುಗಿದ ಮೇಲೂ, ಯುದ್ಧದಲ್ಲಿ ಗೆದ್ದೇ ಅವಳನ್ನು ಒಪ್ಪಿಸುವೆನೆಂಬ ಅಭಿಮಾನವೊಂದು ಉಳಿದು ಅವನನ್ನು ನುಂಗುತ್ತದೆ.

ಪುಸ್ತಕದಿಂದ ಹೊರಗೆ, ಕರಾವಳಿ ಮತ್ತು ಮಲೆನಾಡಿನ ತಾಳಮದ್ದಳೆಯಲ್ಲಿ, ಈ ಕಲೆಯು ಇನ್ನೂ ಜೀವಂತವಾಗಿದೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಹಾಡಿದ ಪದಕ್ಕೆ ಅರ್ಥಧಾರಿಯು ಕುಳಿತಲ್ಲಿಯೇ ಆಶುವಾಗಿ ಮಾತು ಕಟ್ಟುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ ರಾವಣನೂ ವಾಲಿಯೂ ಪ್ರಸಿದ್ಧಿಗೆ ಬಂದುದು ಈ ಆಸನದಿಂದಲೇ. ಹೊಸಬರು ವಾಲಿಮೋಕ್ಷವನ್ನೋ ಕೃಷ್ಣಸಂಧಾನವನ್ನೋ ಆರಿಸಿಕೊಳ್ಳಲಿ; ಮೂಲಕಥೆಯನ್ನು ಮೊದಲೇ ತಿಳಿದು ಹೋಗಲಿ, ಏಕೆಂದರೆ ಅಲ್ಲಿನ ಸ್ವಾರಸ್ಯವು ಏನಾಯಿತೆಂಬುದರಲ್ಲಿಲ್ಲ, ಸೋಲು ನಿಶ್ಚಿತವಾದ ಪಕ್ಷವನ್ನು ಹಿಡಿದವನು ಎಲ್ಲಿಯವರೆಗೆ ನಿಲ್ಲಬಲ್ಲನೆಂಬುದರಲ್ಲಿದೆ. ಕೌರವನ ಮಾತಿಗೆ ಚಪ್ಪಾಳೆ ಬಿದ್ದೊಡನೆ ಎದ್ದು ಹೊರಡುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿರಿ. ಕೃಷ್ಣನ ಉತ್ತರವನ್ನೂ ಕೇಳಿಯೇ ಏಳಿರಿ.