ಕೃಷ್ಣನ ರಥದಲ್ಲಿ ಕರ್ಣ: ಒಂದು ಸ್ಪರ್ಶದ ವಿಚಾರ

ಕುಮಾರವ್ಯಾಸನ ಉದ್ಯೋಗಪರ್ವದಲ್ಲಿ, ಸಂಧಿ ಮುರಿದು ಹಸ್ತಿನಾವತಿಯಿಂದ ಹಿಂದಿರುಗುವ ಶ್ರೀಕೃಷ್ಣನು ಕರ್ಣನನ್ನು ಬಂಧುವಿನ ಸಲುಗೆಯಿಂದ ಸೆಳೆದು ತನ್ನ ರಥದಲ್ಲಿ ಕುಳ್ಳಿರಿಸಿಕೊಳ್ಳುತ್ತಾನೆ. ಸಮಾನಾಸನಕ್ಕೆ ಅಂಜಿ ಕರ್ಣನು ಹಿಂಜರಿಯಲು, ತೊಡೆ ತಾಗುವಷ್ಟು ಸಮೀಪಕ್ಕೆ ಸರಿದು ಮಾತಿಗೆ ತೊಡಗುತ್ತಾನೆ. ಕೆಲವು ತಿಂಗಳ ಹಿಂದೆ ಮುಂಬಯಿಯ ಗಮಕಗೋಷ್ಠಿಯೊಂದರಲ್ಲಿ ಈ ಭಾಗದ ವಾಚನ ನಡೆದಾಗ ಹಿಂದಿನ ಸಾಲಿನಲ್ಲಿ ಸಣ್ಣ ನಗೆಯೆದ್ದಿತು. ವ್ಯಾಖ್ಯಾನಕಾರರು ಆ ಮಾತಿನ ಅರ್ಥವನ್ನು ಹೇಳದೆ ಮುಂದಿನ ಪದ್ಯಕ್ಕೆ ದಾಟಿದರು. ನಗೆಗಿಂತಲೂ ಆ ದಾಟುವಿಕೆಯೇ ನನ್ನನ್ನು ಹೆಚ್ಚು ಕಾಡಿತು.

ಕವಿಗೆ ಅಲ್ಲಿ ಸಂಕೋಚವಿಲ್ಲ. ಸೂತಪುತ್ರನೆಂದು ತುಂಬಿದ ಸಭೆಯಲ್ಲಿ ಹೀನಾಯಕ್ಕೆ ಗುರಿಯಾದವನ ಮೈಗೆ ಯಾದವಪತಿಯ ಮೈ ತಗಲುತ್ತದೆ. ಜನ್ಮರಹಸ್ಯವನ್ನು ನಾಲಗೆ ನುಡಿಯುವ ಮೊದಲೇ ದೇಹವು ನುಡಿದುಬಿಡುತ್ತದೆ. ಆ ಸಾಮೀಪ್ಯವು ಭೇದೋಪಾಯವೂ ಹೌದು. ಆದರೆ ಸ್ಪರ್ಶಕ್ಕೆ ನಿಜವಾದ ಬಲವಿಲ್ಲದಿದ್ದಲ್ಲಿ ಅದು ಉಪಾಯವಾಗಿಯಾದರೂ ಹೇಗೆ ಒದಗೀತು? ಕರ್ಣನು ಕಣ್ಣೀರು ತುಂಬಿ ತನ್ನೊಡೆಯನಿಗೆ ಕೇಡಾಯಿತೆಂದು ಒಳಗೇ ಮರುಗುವುದಕ್ಕೆ ಪೀಠಿಕೆ ಇಲ್ಲಿಯೇ ಸಿದ್ಧವಾಗಿದೆ. ಈ ಮಾತನ್ನು ದಾಟಿದವರು ಮುಂದಿನ ಕಣ್ಣೀರನ್ನು ವಿವರಿಸಲಾರರು.

ರನ್ನನ ದುರ್ಯೋಧನನೂ ರಣಭೂಮಿಯಲ್ಲಿ ಕರ್ಣನ ಶವವನ್ನು ಕಂಡು, ಎರಡು ಒಡಲಿಗೆ ಒಂದೇ ಜೀವವೆಂಬ ಲೋಕದ ಮಾತು ತಾನಿನ್ನೂ ಬದುಕಿರುವುದರಿಂದ ಸುಳ್ಳಾಯಿತಲ್ಲಾ ಎಂದು ಹಲುಬುತ್ತಾನೆ. ಹನುಮಂತನಿಗೆ ಕೊಡಲು ಆಲಿಂಗನವೊಂದೇ ತನ್ನಲ್ಲಿರುವುದೆಂದು ವಾಲ್ಮೀಕಿಯ ರಾಮನು ಹೇಳುವುದು ಎಲ್ಲರಿಗೂ ತಿಳಿದದ್ದೇ.

ಹಾಗೆಂದು, ಹಿಂದಿನ ಕಾಲದಲ್ಲಿ ಗಂಡಸರು ನಿರ್ಭೀತರಾಗಿ ಅಪ್ಪಿಕೊಳ್ಳುತ್ತಿದ್ದರೆಂದು ಹಾಡಿ ಹೊಗಳುವವರೊಡನೆ ನಾನು ಸೇರಲಾರೆ. ಜಾತಿಯು ಮುಟ್ಟಗೊಟ್ಟವರನ್ನು ಮಾತ್ರ ಅವರು ಅಪ್ಪಿದರು. ಕರ್ಣನ ಅಂಜಿಕೆಯೂ ಅಂತಸ್ತಿನ ಅಂಜಿಕೆಯೇ ಹೊರತು ಇಂದಿನ ಸಭಿಕನ ಅಂಜಿಕೆಯಲ್ಲ.

ಇಂದಿನ ಅಂಜಿಕೆ ಬೇರೆ: ನೋಡಿದವರು ಏನೆಂದುಕೊಂಡಾರು ಎಂಬುದು. 1860ರ ದಂಡಸಂಹಿತೆಯ 377ನೆಯ ಕಲಮು ಪುರುಷರ ನಡುವಣ ದೇಹಸಂಬಂಧವನ್ನು ಅಪರಾಧವಾಗಿಸಿತ್ತು. ವಯಸ್ಕರ ಸಮ್ಮತಿಯ ಸಂಬಂಧವನ್ನು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ಅದರಿಂದ ಹೊರಗಿರಿಸಿತು. ಕಳಂಕವು ಮಾತ್ರ ತೀರ್ಪಿನೊಡನೆ ತೊಲಗಲಿಲ್ಲ. ‘ಇದು ಬರಿಯ ಗೆಳೆತನ, ಅದಲ್ಲ’ ಎಂದು ಗೆಳೆಯರ ಪರವಾಗಿ ವಾದಿಸುವವರು ಅರಿಯದೆಯೇ ಆ ಕಳಂಕವನ್ನು ಒಪ್ಪಿಕೊಂಡಂತಾಗುತ್ತದೆ. ‘ಅದು’ ಹೇಯವೆಂಬ ಭಾವನೆ ಇರುವ ತನಕ ‘ಇದಕ್ಕೂ’ ಬಿಡುಗಡೆಯಿಲ್ಲ.

ಮುಂಬಯಿಯ ಲೋಕಲ್ ಗಾಡಿಯಲ್ಲಿ ಮೂವರ ಆಸನಕ್ಕೆ ನಾಲ್ಕನೆಯವನಾಗಿ ನಾನು ನಿತ್ಯವೂ ಅಪರಿಚಿತರ ತೊಡೆಗೊತ್ತಿ ಕುಳಿತು ಬ್ಯಾಂಕಿಗೆ ಹೋಗುತ್ತೇನೆ. ಜನಸಂದಣಿಯೆಂಬ ನೆಪವಿರುವುದರಿಂದ ಯಾರಿಗೂ ಸಂಕೋಚವಿಲ್ಲ. ಇಪ್ಪತ್ತು ವರ್ಷಗಳ ಸಹೋದ್ಯೋಗಿ ಮಿತ್ರರೊಬ್ಬರು ಪತ್ನಿಯನ್ನು ಕಳೆದುಕೊಂಡಾಗಲಾದರೋ, ಸ್ಮಶಾನದಲ್ಲಿ ಅವರ ಕೈಕುಲುಕಿ, ಎರಡು ಔಪಚಾರಿಕ ಮಾತುಗಳನ್ನಾಡಿ ಹಿಂದಿರುಗಿದೆ. ಅವರು ನನ್ನ ಕೈಯನ್ನು ತುಸು ಹೊತ್ತು ಬಿಡದೆ ಹಿಡಿದಿದ್ದರು. ಮೊದಲು ಬಿಡಿಸಿಕೊಂಡವನು ನಾನೇ. ಹಿಂದಿನ ಸಾಲಿನವರ ನಗೆಯನ್ನು ಆಕ್ಷೇಪಿಸುವ ಅಧಿಕಾರ ನನಗೆಷ್ಟಿದೆಯೋ ತಿಳಿಯದು. ವ್ಯಾಖ್ಯಾನಕಾರರನ್ನಾದರೂ ಕೇಳಿಕೊಳ್ಳಬಹುದು: ಮುಂದಿನ ವಾಚನದಲ್ಲಿ ಆ ಪದ್ಯದ ಕೊನೆಯ ಸಾಲಿನ ಮೇಲೆ ಒಂದಿಷ್ಟು ನಿಂತು, ಕೃಷ್ಣನು ಏಕೆ ಸಮೀಪಕ್ಕೆ ಸರಿದನೆಂಬುದನ್ನು ಬಿಡಿಸಿ ಹೇಳಲಿ.